ಐದನೇ ಕೈಂಚಿ

ಜನವರಿ 16, 2012, ಸೋಮವಾರ
ಬಿ.ಪಿ. 158/96

ಡಾಕ್ಟರರು ದಿನಾ ಬಿ.ಪಿ. ನೋಡಿ ಬರೆದಿಡಿ ಎಂದಿದ್ದಾರೆ. ಯಾರೋ ವಿಮೆ ಏಜೆಂಟ್ ಕೊಟ್ಟಿದ್ದ ಈ ಡೈರಿಯನ್ನು ಹೆಂಡತಿ ವೇದಾವತಿ ಬಿ.ಪಿ. ಯಂತ್ರದ ಪಕ್ಕದಲ್ಲೇ ತಂದಿಟ್ಟಳು. ಒಂದು ಸಾಲಿನ ಅಂಕಿಗೆ ಇಡೀ ಪುಟ ಯಾಕೆ ದಂಡ ಮಾಡುವುದು? ಉಳಿದ ಜಾಗದಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯುತ್ತೇನೆ. ಓದುವವರು ಯಾರೂ ಇಲ್ಲ. ವೇದಾ ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ನಾನು ಡೈರಿ ಮುಚ್ಚಿರುತ್ತೇನೆ.

ಇವತ್ತಿನಿಂದ ಹೊಸ ಕೆಲಸ. ಹೊಸದು ಎನ್ನಲಿಕ್ಕೆ ನಾಚಿಕೆಯಾಗುತ್ತದೆ, ಕಟ್ಟಡಕ್ಕೆ ನೂರ ಹದಿನೆಂಟು ವರ್ಷ. ಕಲ್ಯಾಣ ಊರಿನ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ, ಹಿಂದೆ ಹಾಯಿಹಡಗು ಬರುತ್ತಿದ್ದ ಬಂದರಿನ ಹತ್ತಿರ, ಒಂದು ಗೋದಾಮು. ಬಾಗಿಲಿನ ಮೇಲಿನ ಕಲ್ಲಿನಲ್ಲಿ 1894 ಎಂದು ಕೆತ್ತಿದೆ. ಮೊದಲು ಅಕ್ಕಿ ಇಡುತ್ತಿದ್ದರಂತೆ. ಆಮೇಲೆ ಸಿಮೆಂಟು, ಆಮೇಲೆ ಮದುವೆ ಮಂಟಪದವನ ಕುರ್ಚಿ, ಕೊನೆಗೆ ಪಾರಿವಾಳ.

ಇದನ್ನು ಕೊಂಡವನು ಮನೀಶ. ಠಾಣೆಯಲ್ಲಿ ಹೋಟೆಲು ಇಟ್ಟಿದ್ದ ನಮ್ಮ ಉಡುಪಿ ಕಡೆಯವರ ಮಗ. ಹೋಟೆಲನ್ನು ಅಣ್ಣನಿಗೆ ಬಿಟ್ಟು ಇವನು ಡಬ್ಬ, ಪೊಟ್ಟಣಗಳ ವಿನ್ಯಾಸ ಮಾಡುವ ಕಂಪನಿ ನಡೆಸುತ್ತಾನೆ. ಎಪ್ಪತ್ತು ಜನ ಇದ್ದಾರೆ. ಅವರೆಲ್ಲ ಈ ಗೋದಾಮಿನಲ್ಲಿ ಕೂತು ಕೆಲಸ ಮಾಡಬೇಕಂತೆ.

"ಮಾಮ, ಕೆಡವುದು ಬೇಡ. ಇದನ್ನೇ ಸರಿ ಮಾಡಿ ಆಫೀಸ್ ಮಾಡುವಾ. ಸೈಟು ನೀವು ನೋಡಿಕೊಳ್ಳಿ" ಅಂದ.

ವಾಶಿಯಿಂದ ಕಳಂಬೋಲಿಯವರೆಗೆ ಮೂವತ್ತನಾಲ್ಕು ವರ್ಷ ಸ್ಲ್ಯಾಬ್ ಹಾಕಿಸಿ ನಿವೃತ್ತನಾದವನು ನಾನು. ಹಳತನ್ನು ಕೆಡವುವುದು ಹೇಗೆ ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಆದರೆ ಮನೆಯಲ್ಲಿ ಕೂತರೆ ವೇದಾಳ ಜೊತೆ ಧಾರಾವಾಹಿ ನೋಡಬೇಕಾಗುತ್ತದೆ. ಒಪ್ಪಿಕೊಂಡೆ. ಗೇಣುದ್ದದ ಬೀಗದಕೈಯನ್ನು ನನ್ನ ಕೈಗೆ ಕೊಟ್ಟಿದ್ದಾನೆ. ಚೀಲದಲ್ಲಿಟ್ಟುಕೊಂಡರೆ ಲೋಕಲ್ ಟ್ರೇನಿನಲ್ಲಿ ಪಕ್ಕದವರ ಪಕ್ಕೆಗೆ ತಿವಿಯುತ್ತದೆ.

ಜನವರಿ 19, ಗುರುವಾರ
ಬಿ.ಪಿ. 156/96

ಆರ್ಕಿಟೆಕ್ಟ್ ಬಂದಳು. ಹೆಸರು ಸಂಜನಾ. ಮೂವತ್ತೂ ಆಗಿಲ್ಲ. ತಂದೆ ತಾಯಿ ನಮ್ಮ ಕಡೆಯವರೇ, ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಉತ್ತರ ಹಿಂದಿಯಲ್ಲಿ ಬರುತ್ತದೆ. ಹಳೆಯ ಕಟ್ಟಡ ಉಳಿಸುವುದನ್ನೇ ಓದಿದ್ದಾಳಂತೆ. ಅದಕ್ಕೂ ಕಾಲೇಜು ಉಂಟೆಂದು ನನಗೆ ಗೊತ್ತಿರಲಿಲ್ಲ.

ಅವಳ ಕಾನೂನು ಒಂದೇ. ಹಳೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದು. ಮೇಜು, ಗಾಜಿನ ಕೋಣೆ, ವಯರು, ದೀಪ ಎಲ್ಲವೂ ನೆಲದ ಮೇಲೆ ತಾವೇ ನಿಲ್ಲಬೇಕು. "ಕಲ್ ಕೋ ಆಫೀಸ್ ಉಠ್ ಭೀ ಗಯಾ ತೋ ಗೋದಾಮ್ ವೈಸಾ ಕಾ ವೈಸಾ ರಹೇಗಾ, ಅಂಕಲ್" ಎಂದಳು. ನಾಳೆ ಆಫೀಸು ಎದ್ದು ಹೋದರೂ ಗೋದಾಮು ಇದ್ದ ಹಾಗೇ ಉಳಿಯಬೇಕು, ಆಫೀಸು ಮನೆಗೆ ಬಂದ ನೆಂಟನ ಹಾಗೆ ಇರಬೇಕಂತೆ. ಎಪ್ಪತ್ತು ಜನ ನೆಂಟರು!

ಮಧ್ಯಾಹ್ನ ಗೋಡೆಯ ಮೇಲಿನ ಸಾಲಿನ ಕಿಟಕಿಗಳನ್ನು ಬಿಡಿಸಿದೆ. ಮೂವತ್ತು ವರ್ಷದಿಂದ ತೆರೆದಿರಲಿಲ್ಲವಂತೆ. ಬೆಳಕು ಒಳಗೆ ಬಂದಾಗ ಮೊದಲ ಸಲ ತಲೆಯ ಮೇಲಿನ ಹಂಚಿನ ಮಾಡು ಪೂರ್ತಿ ಕಂಡಿತು. ಹನ್ನೊಂದು ಕೈಂಚಿಗಳು. ಮಾಡಿನ ಭಾರ ಹೊರುವ ಮರದ ಚೌಕಟ್ಟಿಗೆ ಇಲ್ಲಿ ಸೈಟಿನಲ್ಲಿ ಎಲ್ಲರೂ ಕೈಂಚಿ ಎನ್ನುತ್ತಾರೆ. ಒಂದೊಂದಕ್ಕೂ ಗೋಡೆಯಿಂದ ಗೋಡೆಗೆ ನಲವತ್ತಡಿಯ ಅಡ್ಡತೊಲೆ, ಅದರ ಮೇಲೆ ಎರಡು ಕಂಬ, ಕಂಬಗಳ ತಲೆಯಿಂದ ಎರಡೂ ಕಡೆಗೆ ಇಳಿಯುವ ಮಾಡು. ಎಲ್ಲ ಸಾಗುವಾನಿ. ಒಂದು ಕಬ್ಬಿಣದ ಮೊಳೆ ಕಾಣಿಸಲಿಲ್ಲ. ಮರಕ್ಕೆ ಮರದ್ದೇ ಬೀಗ.

ಕೆಲಸದವರೆಲ್ಲ ಸ್ವಲ್ಪ ಹೊತ್ತು ಕತ್ತೆತ್ತಿ ನಿಂತುಬಿಟ್ಟರು. ನಾನು ಬೈದು ಕೆಲಸಕ್ಕೆ ಹಚ್ಚಿದೆ. ಹೊರಗೆ ಬಿಸಿಲಿತ್ತು, ಒಳಗೆ ತಣ್ಣಗಿತ್ತು. ಸುಣ್ಣದ ಗೋಡೆ, ಅಷ್ಟೇ.

ಫೆಬ್ರವರಿ 13, ಸೋಮವಾರ
ಬಿ.ಪಿ. 154/94

ಹಂಚು ಇಳಿಸುವ ಕೆಲಸ ಶುರು. ಮಂಗಳೂರು ಹಂಚು, ಇಪ್ಪತ್ತೊಂದು ಸಾವಿರ ಇರಬಹುದೆಂದು ಅಂದಾಜು. ಮಳೆಗಾಲದೊಳಗೆ ಎಲ್ಲ ಇಳಿಸಿ, ತೊಳೆದು, ಮರ ಸರಿಮಾಡಿ, ತಿರುಗಿ ಹೊದೆಸಬೇಕು. ಮಾಡಿಲ್ಲದೆ ಮಳೆ ಬಿದ್ದರೆ ಈ ಸುಣ್ಣದ ಗೋಡೆಗಳು ನಿಲ್ಲುವುದಿಲ್ಲ.

ಸಂಜನಾ ಹತ್ತು ದಿನ ಪುಣೆಗೆ ಹೋಗಿದ್ದಾಳೆ. ಹೋಗುವ ಮೊದಲು ನಾಲ್ಕು ಪುಟದ ಇಂಗ್ಲಿಷ್ ಕಾಗದ ಕೊಟ್ಟು, ಇದರ ಪ್ರಕಾರವೇ ಇಳಿಸಿ ಎಂದಳು. ಹಂಚು ಇಳಿಸಲು ನಾಲ್ಕು ಪುಟ! ಮಡಚಿ ಕಿಸೆಯಲ್ಲಿಟ್ಟುಕೊಂಡೆ.

ಮಾಡಿನ ಒಂದು ಇಳಿಜಾರು ಗಲ್ಲಿಯ ಕಡೆ, ಇನ್ನೊಂದು ಖಾಡಿಯ ಕಡೆ. ಗಲ್ಲಿಯ ಕಡೆ ಹತ್ತಿ ನಿಲ್ಲಲು ಬಿದಿರಿನ ಅಟ್ಟ ಕಟ್ಟಿ ಆಗಿದೆ. ಖಾಡಿಯ ಕಡೆ ಇನ್ನೂ ವಾರ ಬೇಕಂತೆ. ಅಲ್ಲಿಯವರೆಗೆ ಕೆಲಸದವರನ್ನು ಸುಮ್ಮನೆ ಕೂರಿಸುವುದು ನನ್ನ ಜಾಯಮಾನವಲ್ಲ. ಗಲ್ಲಿಯ ಕಡೆಯದನ್ನು ಇಳಿಸಿ ಎಂದೆ.

ಫೆಬ್ರವರಿ 18, ಶನಿವಾರ
ಬಿ.ಪಿ. 150/92

ಗಲ್ಲಿಯ ಕಡೆಯ ಮಾಡು ಪೂರ್ತಿ ಖಾಲಿ. ಆರು ದಿನದಲ್ಲಿ! ಮನೀಶ ಫೋನಿನಲ್ಲಿ "ಸೂಪರ್ ಮಾಮ" ಅಂದ. ನಾಳೆ ಭಾನುವಾರ, ನಾಡಿದ್ದು ಶಿವರಾತ್ರಿ. ಎರಡು ದಿನ ರಜೆ.

ಫೆಬ್ರವರಿ 21, ಮಂಗಳವಾರ

ಬೆಳಿಗ್ಗೆ ಬಾಗಿಲು ತೆಗೆದು ಮೇಲೆ ನೋಡಿದೆ. ನಾಲ್ಕು, ಐದು, ಆರನೇ ಕೈಂಚಿಗಳು ಖಾಡಿಯ ಕಡೆಯ ಹಂಚು ತಳ್ಳಿದ ಹಾಗೆ ಗಲ್ಲಿಯ ಕಡೆಗೆ ವಾಲಿವೆ. ತೂಗುಗುಂಡು ಬಿಟ್ಟು ನೋಡಿದೆ. ಮೂರು ಇಂಚು. ಐದನೆಯದರ ಒಂದು ಕಂಬದ ಬುಡದಲ್ಲಿ ಸೀಳು.

ಕಿಸೆಯ ಕಾಗದ ತೆಗೆದು ಓದಿದೆ. ಮೊದಲನೇ ಪುಟದಲ್ಲೇ, ಕೆಳಗೆ ಗೆರೆ ಎಳೆದು ಬರೆದಿದ್ದಳು: ಎರಡೂ ಕಡೆಯಿಂದ ಸಮವಾಗಿ, ಸಾಲಿಗೆ ಸಾಲು.

ಹತ್ತು ಜನರನ್ನು ಹೆಚ್ಚಿಗೆ ಕರೆಸಿದೆ. ಏಣಿ, ಹಗ್ಗ, ಸಿಕ್ಕಿದ್ದು ಕಟ್ಟಿ ಖಾಡಿಯ ಕಡೆಯದನ್ನು ಇವತ್ತೇ ಇಳಿಸಲು ಹಚ್ಚಿದೆ. ಭಾರ ಹೋದರೆ ಮರ ತಾನಾಗಿ ನೆಟ್ಟಗಾದೀತೆಂಬ ಆಸೆಯಿತ್ತು. ಆಗಲಿಲ್ಲ.

ಫೆಬ್ರವರಿ 23, ಗುರುವಾರ
ಬಿ.ಪಿ. 168/102

ಸಂಜನಾ ಬಂದಳು. ಎರಡೂ ಕಡೆ ಖಾಲಿ ಮಾಡಿನ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಅಂಕಲ್, ದೋನೋ ಸೈಡ್ ಬರಾಬರ್ ನಿಕಾಲಾ ಥಾ ನಾ?"

"ಹಾಂ, ಬರಾಬರ್" ಎಂದೆ, ಎರಡೂ ಕಡೆ ಸಮವಾಗಿ ಇಳಿಸಿದವನ ಹಾಗೆ.

ಹಂಚು ಇಳಿಸಿದ ಕೂಲಿಯವರು ನಿನ್ನೆಯೇ ಬೇರೆ ಸೈಟಿಗೆ ಹೋಗಿಯಾಗಿದೆ.

ಮಾರ್ಚ್ 3, ಶನಿವಾರ
ಬಿ.ಪಿ. 172/104

ಮನೀಶ ದಾದರಿನಿಂದ ದೊಡ್ಡ ಇಂಜಿನಿಯರರನ್ನು ಕರೆಸಿದ್ದ. ಅವರು ಯಂತ್ರ ಇಟ್ಟು ಅಳೆದರು, ಮರ ತಟ್ಟಿದರು, ನನ್ನನ್ನೂ ಕೇಳಿದರು. ನಾನು ಅದನ್ನೇ ಹೇಳಿದೆ. ಅವರ ತೀರ್ಮಾನ ಸರಿಯಾಗಿಯೇ ಇದೆ, ಅದೇ ಸಂಕಟ. ಸಮವಾಗಿ ಭಾರ ಇಳಿಸುವಾಗಲೂ ಮರ ವಾಲಿದೆ ಎಂದರೆ ಕೀಲುಗಳು ಒಳಗೆ ಕೆಟ್ಟಿವೆ, ಇದರ ಮೇಲೆ ಮತ್ತೆ ಹಂಚು ಹೊರಿಸಿ ಕೆಳಗೆ ಎಪ್ಪತ್ತು ಜನರನ್ನು ಕೂರಿಸಲು ಸಹಿ ಹಾಕುವುದಿಲ್ಲ ಎಂದರು. ಹನ್ನೊಂದನ್ನೂ ತೆಗೆಯಿರಿ. ಕಳಂಬೋಲಿಯಿಂದ ಉಕ್ಕು ತರಿಸಿ ಹೊಸ ಕೈಂಚಿ ಹಾಕಿ, ಮೇಲೆ ಶೀಟು ಹೊದೆಸಿ. ಮಳೆಗೆ ಮುಂಚೆ ಮುಗಿಯುವ ದಾರಿ ಅದೊಂದೇ.

ಮನೀಶ ತಲೆಯಾಡಿಸಿದ. ಸಂಜನಾ ಹೊರಗೆ ಹೋಗಿ ಖಾಡಿಯ ಕಡೆ ಮುಖ ಮಾಡಿ ನಿಂತಳು. ಅವಳು ಅಳುತ್ತಿದ್ದಳೆಂದು ನನಗೆ ಗೊತ್ತಾಯಿತು. ಒಂದು ಗೋದಾಮಿಗೆ ಯಾರಾದರೂ ಅಳುತ್ತಾರೆಯೇ?

ಈಗ ಹೇಳಿದರೆ ಬದಲಾಗುತ್ತದೆ. ಭಾರ ಒಂದೇ ಕಡೆ ಇದ್ದುದರಿಂದ ವಾಲಿದ್ದು, ಕೀಲು ಕೆಟ್ಟು ಅಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಜೊತೆಗೆ ಪುಂಡರೀಕಾಕ್ಷ ರಾವ್ ಎಂಬವನಿಗೆ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದ ಮೇಲೂ ಹಂಚು ಇಳಿಸಲು ಬರುವುದಿಲ್ಲ, ಮೇಲಾಗಿ ಸುಳ್ಳನೂ ಹೌದು ಎಂದು ಠಾಣೆಯಿಂದ ಪನವೇಲಿನವರೆಗೆ ಗೊತ್ತಾಗುತ್ತದೆ.

ಮಾರ್ಚ್ 7, ಬುಧವಾರ
ಬಿ.ಪಿ. 170/100

ಉಕ್ಕು ನೋಡಲು ಕಳಂಬೋಲಿಯ ಮಾರುಕಟ್ಟೆಗೆ ಹೋಗಿದ್ದೆ. ನನಗೆ ಅದು ತವರುಮನೆ ಇದ್ದ ಹಾಗೆ. ಟ್ರಕ್ಕುಗಳ ಸಾಲು, ಕಬ್ಬಿಣದ ಸದ್ದು, ಪರಿಚಯದ ವ್ಯಾಪಾರಿಗಳ ಚಹಾ. ಬೇಕಾದ ಅಳತೆಯ ತೊಲೆಗಳು ರಾಶಿ ಬಿದ್ದಿದ್ದವು, ಒಂದರ ಹಾಗೆ ಇನ್ನೊಂದು. ಮೊದಲೆಲ್ಲ ಅದೇ ನನಗೆ ಚಂದ ಕಾಣುತ್ತಿತ್ತು. ಇವತ್ತು ಯಾವುದನ್ನು ಮುಟ್ಟಿದರೂ ಕೈಗೆ ಏನೂ ಹತ್ತಲಿಲ್ಲ. ವ್ಯಾಪಾರಿ "ರಾವ್ ಸಾಹೇಬ್, ತಬಿಯತ್ ಠೀಕ್ ಹೈ ನಾ?" ಎಂದು ಎರಡು ಸಲ ಆರೋಗ್ಯ ವಿಚಾರಿಸಿದ.

ಉಕ್ಕು ಈ ತಿಂಗಳ ಇಪ್ಪತ್ತೆರಡಕ್ಕೆ ಬರುತ್ತದೆ.

ಮಾರ್ಚ್ 12, ಸೋಮವಾರ
ಬಿ.ಪಿ. 170/102

ಇಳಿಸಿದ ಹಂಚಾದರೂ ಉಳಿಯಲಿ, ಎಲ್ಲಾದರೂ ಉಪಯೋಗಿಸೋಣ ಎಂದು ಸಂಜನಾ ಒಬ್ಬ ಮುದುಕನನ್ನು ಕರೆಸಿದ್ದಾಳೆ. ಮುಂಡಪ್ಪ. ಎಪ್ಪತ್ತನಾಲ್ಕು ವರ್ಷ, ಮೂಲ್ಕಿ ಕಡೆಯವನು. ಬದಲಾಪುರದಲ್ಲಿ ಮಗಳ ಮನೆಯಲ್ಲಿದ್ದಾನೆ. ಪ್ರಾಯದಲ್ಲಿ ಊರಿನಲ್ಲೂ, ಆಮೇಲೆ ಇಲ್ಲಿಯ ಸಾಲುಮನೆ ಚಾಳುಗಳಲ್ಲೂ ಹಂಚು ಹೊದೆಸುವುದೇ ಕೆಲಸವಾಗಿತ್ತಂತೆ. ಬಿಳಿ ಪಂಚೆ, ಕೈಯಲ್ಲಿ ತಿಂಡಿಯ ಡಬ್ಬ. ನಾವು ತುಳುವಿನಲ್ಲಿ ಮಾತಾಡಿದ್ದು, ಬರೆಯುವುದು ಕನ್ನಡದಲ್ಲಿ.

ಅವನ ಕೆಲಸ ನೋಡಬೇಕು. ಎಡಗೈಯಲ್ಲಿ ಹಂಚು ಎತ್ತಿ ಹಿಡಿಯುತ್ತಾನೆ, ಬಲಗೈಯ ಗೆಣ್ಣಿನಿಂದ ಒಂದು ತಟ್ಟು. ಟಿಣ್ ಎಂದರೆ ಬಲಕ್ಕೆ, ದಪ್ ಎಂದರೆ ಎಡಕ್ಕೆ. ಕಣ್ಣು ಬೇರೆಲ್ಲೋ ಇರುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಟಿಣ್ ಟಿಣ್ ಎಂದು ಗೋದಾಮು ತುಂಬ ಸದ್ದು. ನೂರಕ್ಕೆ ತೊಂಬತ್ತು ಟಿಣ್. ನೂರ ಹದಿನೆಂಟು ಮಳೆಗಾಲ ಕಂಡ ಮಣ್ಣು!

ಒಂದು ಹಂಚನ್ನು ನನ್ನ ಕೈಗೆ ಕೊಟ್ಟ. ಅಡಿಯಲ್ಲಿ ಹಸಿ ಇದ್ದಾಗ ಯಾರೋ ಒತ್ತಿದ ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ. ನನ್ನ ಹೆಬ್ಬೆರಳನ್ನು ಅದರಲ್ಲಿಟ್ಟೆ. ಯಾಕೋ ಬೇಗ ತೆಗೆಯಲಾಗಲಿಲ್ಲ.

"ನೇತ್ರಾವತಿಯ ಮಣ್ಣು, ರಾಯ್ರೆ. ನಮ್ಮಿಂದ ಮೊದ್ಲು ಇಲ್ಲಿಗೆ ಬಂದದ್ದು ಇದು" ಎಂದ.

ಊಟದ ಹೊತ್ತಿಗೆ ಅವನು ಹಂಚಿನ ರಾಶಿಗಳ ನಡುವೆ ಒಂದು ಸುತ್ತು ಹಾಕಿದ. ಗಲ್ಲಿಯ ಕಡೆಯ ಹಂಚಿಗೆ ಲಾರಿಗಳ ಹೊಗೆ ಹಿಡಿದು ಕಪ್ಪು. ಖಾಡಿಯ ಕಡೆಯದರಲ್ಲಿ ಪಾಚಿ. ಕಪ್ಪು ಹಂಚೆಲ್ಲ ಅಡಿಯಲ್ಲಿ, ಪಾಚಿಯದ್ದೆಲ್ಲ ಮೇಲೆ. ಅವನು ನಿಂತು ನೋಡಿದ. ಮೇಲೆ ವಾಲಿದ ಕೈಂಚಿ ನೋಡಿದ. ಆಮೇಲೆ ನನ್ನನ್ನು.

"ಈಚೆದು ಪೂರಾ ಮೊದ್ಲು ಇಳಿದಿದೆ" ಎಂದ. ಕೇಳಲೂ ಇಲ್ಲ, ಬೈಯಲೂ ಇಲ್ಲ. ಹೋಗಿ ಮತ್ತೆ ತಟ್ಟಲು ಕೂತ.

ಮಾರ್ಚ್ 15, ಗುರುವಾರ
ಬಿ.ಪಿ. 176/106

ಮುಂಡಪ್ಪ ಯಾರಿಗೂ ಹೇಳಿಲ್ಲ. ಬೆಳಿಗ್ಗೆ "ಎಂಚ ಉಲ್ಲರ್ ರಾಯ್ರೆ" ಎಂದು ಕ್ಷೇಮ ವಿಚಾರಿಸುತ್ತಾನೆ, ಅಷ್ಟೆ. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

"ಎಂತ, ಇವತ್ತೂ ಊಟ ಸೇರುದಿಲ್ವಾ?" ಎಂದು ವೇದಾ ತಟ್ಟೆ ಎತ್ತಿಕೊಂಡು ಹೋದಳು.

ಮಾರ್ಚ್ 17, ಶನಿವಾರ

ಸಣ್ಣವನಿದ್ದಾಗಿನದು ನೆನಪಾಯಿತು. ಮಳೆಗಾಲಕ್ಕೆ ಮುಂಚೆ ಮನೆಯ ಹಂಚು ಸರಿಮಾಡಲು ಇಬ್ಬರು ಬರುತ್ತಿದ್ದರು. ಒಬ್ಬ ಈಚೆ, ಒಬ್ಬ ಆಚೆ. ಒಂದು ಸಾಲು ಮುಗಿದ ಕೂಡಲೇ ಈಚೆಯವನು "ಓ" ಎಂದು ಕೂಗುತ್ತಿದ್ದ. ಆಚೆಯಿಂದ "ಓ" ಎಂದು ಉತ್ತರ ಬಂದ ಮೇಲೆಯೇ ಮುಂದಿನ ಸಾಲು. ನಾನೂ ತಮ್ಮನೂ ಅಂಗಳದಲ್ಲಿ ಅದನ್ನೇ ಅಣಕಿಸಿ ಬೈಸಿಕೊಳ್ಳುತ್ತಿದ್ದೆವು.

ಅಂದರೆ ನನಗೆ ಗೊತ್ತಿತ್ತು. ನಾಲ್ಕು ಪುಟದ ಕಾಗದ ಓದುವ ಅಗತ್ಯವೇ ಇರಲಿಲ್ಲ. ಆರನೇ ವಯಸ್ಸಿನಲ್ಲಿ ಗೊತ್ತಿದ್ದದ್ದು ಐವತ್ತೊಂಬತ್ತಕ್ಕೆ ಮರೆತುಹೋಗಿತ್ತು.

ಮಾರ್ಚ್ 20, ಮಂಗಳವಾರ

ಏಳನೇ ಕೈಂಚಿ ನೆಟ್ಟಗಿದೆ. ಅದೊಂದನ್ನು ಇಡಿಯಾಗಿ ಇಳಿಸಿ ಆಫೀಸಿನ ಬಾಗಿಲ ಬಳಿ ಜನ ನೋಡಲಿಕ್ಕೆ ನಿಲ್ಲಿಸಬೇಕೆಂದು ಸಂಜನಾಳ ಆಸೆ. ಇವತ್ತು ಬಡಗಿಗಳು ಅದರ ಒಂದು ಕೀಲು ಬಿಚ್ಚಿದರು. ಮರದ ಗೂಟವನ್ನು ಹೊಡೆದು ತೆಗೆದು, ಕಂಬವನ್ನು ತೊಲೆಯಿಂದ ಎರಡಿಂಚು ಮೇಲಕ್ಕೆತ್ತಿದರು. ಒಳಗಿನ ಮರ ನಿನ್ನೆ ಕೊಯ್ದದ್ದರ ಹಾಗೆ ಹೊಂಬಣ್ಣ. ವಾಸನೆ ಕೂಡ ಬಂತು! 1894ರ ಗಾಳಿ ಅದರಲ್ಲಿ ಕೂತಿತ್ತೇನೋ. ನಾನು ಅಟ್ಟದ ಮೇಲೆ ಮೊಣಕಾಲೂರಿ ನೋಡುತ್ತ ಇದ್ದುಬಿಟ್ಟೆ.

ತೊಲೆಯ ತೂತಿನ ಒಂದು ಮಗ್ಗುಲಲ್ಲಿ ಬೇರೆ ಮರದ ತುಂಡೊಂದನ್ನು ಕೂರಿಸಿದ್ದರು. ಎರಡು ಬೆರಳಗಲ. ಸಂದಿಯಲ್ಲಿ ಉಗುರೂ ಹೋಗದಷ್ಟು ಬಿಗಿ. ಅದರ ಪಕ್ಕ ಉಳಿಯಿಂದ ಕೆತ್ತಿದ ಸಣ್ಣ ಮೀನು.

ಮುಂಡಪ್ಪಣ್ಣನನ್ನು ಮೇಲೆ ಕರೆಸಿದೆವು. ಎಪ್ಪತ್ತನಾಲ್ಕರಲ್ಲಿ ಏಣಿ ಹತ್ತಿ ಬಂದರು. ನೋಡಿ ನಕ್ಕರು.

"ಬಡಗಿ ತೂತು ದೊಡ್ಡ ಮಾಡಿ ಬಿಟ್ಟಿದ್ದಾನೆ. ಅಳತೆ ತಪ್ಪಿದೆ. ಮತ್ತೆ ತುಂಡು ಹಾಕಿ ಸರಿ ಮಾಡಿದ್ದು."

"ಮೀನು ಯಾಕೆ? ಚಂದಕ್ಕಾ?" ಎಂದೆ.

"ಚಂದಕ್ಕಲ್ಲ ರಾಯ್ರೆ. ತೇಪೆ ಹಾಕಿದವ ಗುರುತು ಹಾಕ್ಬೇಕು. ಮುಂದೆ ಬಿಚ್ಚುವವನಿಗೆ ಗೊತ್ತಾಗ್ಬೇಕಲ್ಲ, ಇಲ್ಲಿ ಒಂದು ತಪ್ಪು ಉಂಟು, ಜೋಪಾನ ಅಂತ. ಇಲ್ಲದಿದ್ರೆ ಅವ ನಂಬಿ ಕಾಲಿಡ್ತಾನೆ."

ಯಾರು ನೋಡುತ್ತಾರೆ ಅಲ್ಲಿ? ಕೀಲಿನ ಒಳಗೆ, ನೆಲದಿಂದ ಇಪ್ಪತ್ತೆರಡಡಿ ಎತ್ತರದಲ್ಲಿ. ಕೈಂಚಿ ಬಿಚ್ಚುವವರೆಗೆ ಯಾರಿಗೂ ಕಾಣುವಂತಿರಲಿಲ್ಲ, ನೂರ ಹದಿನೆಂಟು ವರ್ಷ ಯಾರೂ ಬಿಚ್ಚಲೂ ಇಲ್ಲ. ಆದರೂ ಕೆತ್ತಿದ್ದಾನೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ, ತಪ್ಪು ಮಾತ್ರ ಗೊತ್ತು. ಅಷ್ಟು ದೊಡ್ಡ ಮನುಷ್ಯನನ್ನು ನಾನು ಯಾವ ಸೈಟಿನಲ್ಲೂ ಕಂಡಿಲ್ಲ.

ಇಪ್ಪತ್ತೆರಡಕ್ಕೆ ಉಕ್ಕು ಬರುತ್ತದೆ.

ಮಾರ್ಚ್ 21, ಬುಧವಾರ

ಹೇಳಿದೆ.

ಮನೀಶ, ಸಂಜನಾ, ಇಂಜಿನಿಯರರು ಮೂವರೂ ಇದ್ದರು. ಕೆಲಸದವರು ಮೊದಲ ಕೈಂಚಿಯನ್ನು ಇಳಿಸಲು ಸರಪಳಿ ಕಟ್ಟುತ್ತಿದ್ದರು. ನಿಲ್ಲಿಸಿ ಎಂದೆ. ಹಂಚಿನ ರಾಶಿಯ ಹತ್ತಿರ ಕರೆದುಕೊಂಡು ಹೋಗಿ ಕಪ್ಪು ಹಂಚು, ಪಾಚಿ ಹಂಚು ತೋರಿಸಿದೆ. ಯಾವತ್ತು ಏನು ಮಾಡಿಸಿದೆ, ಕಾಗದ ಯಾವಾಗ ಓದಿದೆ, ಏನು ಸುಳ್ಳು ಹೇಳಿದೆ, ಎಲ್ಲ. ಶಿವರಾತ್ರಿಯ ಎರಡು ದಿನ ಭಾರವೆಲ್ಲ ಒಂದೇ ಮಗ್ಗುಲಲ್ಲಿತ್ತು ಎಂದೆ.

ಇಂಜಿನಿಯರರು ಕನ್ನಡಕ ತೆಗೆದು ಒರೆಸಿಕೊಂಡರು. "ಅಷ್ಟಾದರೂ ಮುರಿಯಲಿಲ್ಲವಲ್ಲ ಇದು" ಎಂದು ಮರಾಠಿಯಲ್ಲಿ ತಮಗೆ ತಾವೇ ಹೇಳಿಕೊಂಡು ಏಣಿ ಹತ್ತಿದರು. ನನ್ನ ಕಡೆ ನೋಡಲಿಲ್ಲ.

ಸಂಜನಾ ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು. "ನಾನು ಕೇಳಿದ್ದೆ ಅಂಕಲ್. ನಾನು ಕೇಳಿದ್ದೆ ನಿಮಗೆ."

ಮನೀಶ ಹಂಚಿನ ರಾಶಿಯನ್ನೊಮ್ಮೆ ನೋಡಿದ. ಆಮೇಲೆ ಕೈ ಚಾಚಿದ. "ಕೀ ಕೊಡಿ ಮಾಮ. ನೀವು ಮನೆಗೆ ಹೋಗಿ."

ಬೀಗದಕೈ ಇಲ್ಲದ ಚೀಲ ಇಷ್ಟು ಹಗುರ ಇರುತ್ತದೆಂದು ಮರೆತುಹೋಗಿತ್ತು. ವೇದಾಳಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು, "ಊಟ ಮಾಡಿ" ಎಂದಳು. ಎರಡು ಸಲ ಅನ್ನ ಹಾಕಿಸಿಕೊಂಡೆ.

ಮಾರ್ಚ್ 23, ಶುಕ್ರವಾರ

ಇಲ್ಲಿಯವರಿಗೆ ಪಾಡ್ವಾ, ಅಂದರೆ ಯುಗಾದಿ. ಡೋಂಬಿವಲಿಯ ಬೀದಿ ತುಂಬ ಮೆರವಣಿಗೆ, ಡೋಲು, ಪೇಟ ಕಟ್ಟಿದ ಹುಡುಗಿಯರ ಬೈಕುಗಳು. ನಮ್ಮ ಮನೆಯ ಗ್ಯಾಲರಿಯಲ್ಲಿ ನಿಂತು ನೋಡಿದೆ. ಮೆರವಣಿಗೆಗಿಂತ ಎದುರಿನ ಹಳೆಯ ಚಾಳಿನ ಮಾಡನ್ನೇ ಹೆಚ್ಚು ನೋಡಿದೆ ಅನಿಸುತ್ತದೆ. ಅದರ ಆರನೇ ಸಾಲಿನಲ್ಲಿ ನಾಲ್ಕು ಹಂಚು ಸರಿದಿವೆ. ಯಾರಾದರೂ ಹೇಳಬೇಕು ಅವರಿಗೆ.

ಏಪ್ರಿಲ್ 2, ಸೋಮವಾರ

ಸಂಜನಾಳ ಫೋನು. ಕೀಲುಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಿದರಂತೆ. ಎಲ್ಲ ಗಟ್ಟಿ. ವಾಲಿದ ಮೂರನ್ನು ಸರಪಳಿ, ಜ್ಯಾಕು ಕಟ್ಟಿ ದಿನಕ್ಕೆ ಕಾಲಿಂಚಿನಂತೆ ನಿಧಾನ ಎಳೆದರೆ ನೆಟ್ಟಗಾಗಬಹುದು ಎಂದು ಇಂಜಿನಿಯರರು ಬರೆದುಕೊಟ್ಟಿದ್ದಾರೆ. ಉಕ್ಕು ಹಿಂದಕ್ಕೆ ಹೋಯಿತು. ನಾನು ಗ್ಯಾಲರಿಯ ಕಂಬಿ ಹಿಡಿದುಕೊಂಡೆ.

"ಮುಂಡಪ್ಪಜ್ಜ ಏಕ್ ಶರ್ತ್ ರಖಾ ಹೈ" ಎಂದಳು. ಹಂಚು ಹೊದೆಸುವಾಗ ಗಲ್ಲಿಯ ಕಡೆ ನಿಲ್ಲಲು ತನಗೊಬ್ಬ ಜನ ಬೇಕು, ಅವನಿಗೆ "ಓ" ಅನ್ನಲು ಗೊತ್ತಿರಬೇಕು, ಊರಿನವರಾದ ರಾಯರೇ ಆಗಬೇಕು, ಇಲ್ಲದಿದ್ದರೆ ತಾನು ಬರುವುದಿಲ್ಲ ಎಂದಿದ್ದಾರಂತೆ. ಮನೀಶ ಒಪ್ಪಿದ್ದಾನೆ. ಬೀಗದಕೈ ಸಂಜನಾಳ ಹತ್ತಿರವೇ ಇರುತ್ತದೆ. ನಾನು ಮುಂಡಪ್ಪಣ್ಣನ ಕೈಕೆಳಗೆ.

ಆಗಲಿ ಎಂದೆ.

ಏಪ್ರಿಲ್ 14, ಶನಿವಾರ

ನಮ್ಮ ಹೊಸ ವರ್ಷ, ವಿಷು. ವೇದಾ ದೇವರ ಮುಂದೆ ಹಣ್ಣು, ಹೂವಿನ ಕಣಿ ಇಟ್ಟಿದ್ದಳು. ಕೈ ಮುಗಿದು ಏಳು ಗಂಟೆಯ ಟ್ರೇನು ಹಿಡಿದೆ.

ಹನ್ನೆರಡನೇ ದಿನದ ಕಾಲಿಂಚು. ಐದನೇ ಕೈಂಚಿಯ ಸರಪಳಿಯನ್ನು ಒಂದೊಂದೇ ಕೊಂಡಿ ಎಳೆಯುತ್ತಿದ್ದರು. ಮರ ಒಳಗಿನಿಂದ ಸಣ್ಣಗೆ ನರಳುತ್ತಿತ್ತು. ಇದ್ದಕ್ಕಿದ್ದಂತೆ ಟಕ್ ಎಂದಿತು. ಮುರಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

ಮುಂಡಪ್ಪಣ್ಣ ಹೆಗಲು ತಟ್ಟಿದರು. "ಕೂತ್ಕೊಂಡಿತು" ಎಂದರು.

ಕಂಬದ ಬುಡ ತೊಲೆಯ ತೂತಿನೊಳಗೆ ಹೋಗಿ ಕೂತಿತ್ತು. ತೂಗುಗುಂಡು ಬಿಟ್ಟರೆ ಕೂದಲೆಳೆಯ ವ್ಯತ್ಯಾಸವಿಲ್ಲ. ಯಾರೋ ಒಬ್ಬ 1894ರಲ್ಲಿ ಅದಕ್ಕೆ ಒಂದು ಜಾಗ ಕೊಟ್ಟಿದ್ದ, ಅದು ಆ ಜಾಗವನ್ನು ಮರೆತಿರಲಿಲ್ಲ. ನಾನು ಇಷ್ಟು ವರ್ಷ ಕಟ್ಟಿಸಿದ ಯಾವುದನ್ನಾದರೂ ಮೂರು ಇಂಚು ವಾಲಿಸಿದರೆ ಅದು ವಾಪಸು ಬರುತ್ತದೆಯೇ? ಇಲ್ಲ. ಬೀಳುತ್ತದೆ. ಇದನ್ನು ಬರೆಯುವಾಗಲೂ ಆ ಟಕ್ ಕಿವಿಯಲ್ಲಿದೆ.

ಏಪ್ರಿಲ್ 26, ಗುರುವಾರ

ಐದನೆಯದರ ಕಂಬದ ಸೀಳಿದ ಭಾಗವನ್ನು ಕೊಯ್ದು ತೆಗೆದು, ಹಳೆಯ ಸಾಗುವಾನಿಯ ತುಂಡು ಕೂರಿಸಿದರು. ಬಡಗಿಗೆ ಎರಡು ದಿನ ಹಿಡಿಯಿತು. ಮುಗಿದ ಮೇಲೆ ಮುಂಡಪ್ಪಣ್ಣ ಅವನ ಕೈಯಿಂದ ಉಳಿ ತೆಗೆದು ನನಗೆ ಕೊಟ್ಟರು.

"ಗುರುತು ಹಾಕಿ, ರಾಯ್ರೆ."

"ತುಂಡು ಹಾಕಿದ್ದು ಅವನಲ್ಲವಾ?"

"ತಪ್ಪು ಯಾರದ್ದು?"

ಮೀನು ಬಿಡಿಸಲು ನನಗೆ ಬರುವುದಿಲ್ಲ. ಉಳಿ ಹಿಡಿದದ್ದೇ ಮೊದಲ ಸಲ. ಎರಡು ಗೆರೆ ಹಾಕಿದೆ, ಅಕ್ಕಪಕ್ಕ, ಒಂದೇ ಉದ್ದ. ಅದಕ್ಕೇ ಅರ್ಧ ಗಂಟೆ ಬೇಕಾಯಿತು. ಉಳಿ ಜಾರಿ ಒಂದು ಗೆರೆ ಸ್ವಲ್ಪ ಸೊಟ್ಟ.

ಮೇ 9, ಬುಧವಾರ

ಹೊದೆಸುವುದು ಶುರುವಾಗಿ ಆರು ದಿನ. ಬುಡದಿಂದ ಮೇಲಕ್ಕೆ, ಸಾಲಿಗೆ ಸಾಲು. ಖಾಡಿಯ ಕಡೆ ಅಟ್ಟದ ಮೇಲೆ ಮುಂಡಪ್ಪಣ್ಣ ಸ್ಟೂಲು ಹಾಕಿ ಕೂತು ಕೆಲಸ ಮಾಡಿಸುತ್ತಾರೆ, ಗಲ್ಲಿಯ ಕಡೆ ನಾನು. ನಡುವೆ ಮಾಡಿನ ಏರು, ಒಬ್ಬರಿಗೊಬ್ಬರು ಕಾಣುವುದಿಲ್ಲ. ಅವರು "ಓ" ಎನ್ನುತ್ತಾರೆ. ನನ್ನ ಸಾಲು ಮುಗಿದಿದ್ದರೆ ನಾನು "ಓ" ಎನ್ನುತ್ತೇನೆ. ಮುಗಿಯದಿದ್ದರೆ ಅವರು ಕಾಯುತ್ತಾರೆ.

ಮೊದಲ ದಿನ ಗಲ್ಲಿಯ ಅಂಗಡಿಯವರು ನಕ್ಕರು. ಈಗ ನನ್ನ ಉತ್ತರ ತಡವಾದರೆ ಚಹಾದವನೇ ಕೆಳಗಿನಿಂದ "ಓ" ಎಂದು ನೆನಪಿಸುತ್ತಾನೆ. ಸಂಜನಾ ಒಳಗೆ ನಿಂತು ಎರಡೂ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

ಒಳಗೆ ಎಲೆಕ್ಟ್ರಿಷಿಯನ್ನು ಗೋಡೆಗೆ ಡ್ರಿಲ್ ಹಿಡಿದಿದ್ದ. ಮೇಲಿನಿಂದ ಕಂಡು ಎಷ್ಟು ಜೋರಾಗಿ ಕಿರುಚಿದೆ ಎಂದರೆ ಮುಂಡಪ್ಪಣ್ಣ ಆ ಕಡೆಯಿಂದ "ಓ" ಎಂದು ಉತ್ತರ ಕೊಟ್ಟರು.

ಜೂನ್ 17, ಭಾನುವಾರ

ಮಳೆ ಬಂತು.

ಹಳಿ ರಿಪೇರಿಯ ಮೆಗಾಬ್ಲಾಕ್ ಇತ್ತು, ಟ್ರೇನು ತಡ. ವೇದಾಳೂ ಬರುತ್ತೇನೆಂದಳು. ಗೋದಾಮು ತಲುಪುವಾಗ ಇಬ್ಬರೂ ಒದ್ದೆ. ಸಂಜನಾ, ಮನೀಶ ಮೊದಲೇ ಬಂದಿದ್ದರು. ಯಾರೂ ಕರೆದಿರಲಿಲ್ಲ, ಎಲ್ಲರೂ ಬಂದಿದ್ದೆವು. ಖಾಲಿ ನೆಲದ ಮೇಲೆ ನಾಲ್ವರೂ ನಿಂತು ಮೇಲೆ ನೋಡಿದೆವು. ಇಪ್ಪತ್ತೊಂದು ಸಾವಿರ ಹಂಚಿನ ಮೇಲೆ ಒಟ್ಟಿಗೆ ಬೀಳುವ ಮಳೆಯ ಸದ್ದು! ಮಾತಾಡಿದರೆ ಕೇಳುತ್ತಿರಲಿಲ್ಲ. ಒಂದು ಗಂಟೆ ನಿಂತೆವು. ನೆಲದ ಮೇಲೆ ಒಂದು ಹನಿ ಇಲ್ಲ.

ವೇದಾ ನನ್ನ ಕೈ ಹಿಡಿದುಕೊಂಡಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾಲ್ಕು ಜನರ ಎದುರು ಇದು ಮೊದಲ ಸಲ. ಬರುವಾಗ ರಿಕ್ಷಾದಲ್ಲಿ ಕೇಳಿದಳು, "ಬಿ.ಪಿ. ಬರೀತಾ ಇದ್ದೀರಲ್ವಾ?"

ಮರೆತೇಹೋಗಿತ್ತು.

ಸೆಪ್ಟೆಂಬರ್ 24, ಸೋಮವಾರ

ಆಫೀಸು ಶುರು. ಸಾಲಾಗಿ ಮೇಜುಗಳು, ಕಂಪ್ಯೂಟರುಗಳು, ನಡುವೆ ಗೋಡೆ ಮುಟ್ಟದೆ ನಿಂತ ಎರಡು ಗಾಜಿನ ಕೋಣೆ. ವಯರೆಲ್ಲ ನೆಲದ ಹಲಗೆಯ ಅಡಿಯಲ್ಲಿ. ಒಂದು ಮೊಳೆಯೂ ಗೋಡೆಗಿಲ್ಲ, ನಾನೇ ನೋಡಿಕೊಂಡಿದ್ದೇನೆ. ಎಪ್ಪತ್ತು ಜನ ಹುಡುಗ ಹುಡುಗಿಯರು ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂತರು. ಬಂದವರು ಬಂದಂತೆ ಚಾರ್ಜರು ಚುಚ್ಚಲು ಬಗ್ಗಿದರು. ಒಬ್ಬರೂ ಮೇಲೆ ನೋಡಲಿಲ್ಲ.

ಪೂಜೆ ಆದ ಮೇಲೆ ಮನೀಶ "ಮಾಮ, ಕಟ್ಟಡದ ಬಗ್ಗೆ ಐದು ನಿಮಿಷ ಹೇಳಿ" ಎಂದು ನನ್ನನ್ನು ಮುಂದೆ ನಿಲ್ಲಿಸಿದ. ಇಸವಿ, ಹಂಚಿನ ಲೆಕ್ಕ, ತೊಲೆಯ ಉದ್ದ ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಕನ್ನಡಕ ಚೀಲದಲ್ಲೇ ಉಳಿದಿತ್ತು. ಚೀಟಿ ಮಡಚಿ, ಬಂದ ಹಿಂದಿಯಲ್ಲಿ ಹೇಳಿದೆ.

ಈ ಮಾಡಿನಲ್ಲಿ ಎರಡು ತಪ್ಪುಗಳಿವೆ ಎಂದೆ. ಏಳನೇ ಕೈಂಚಿಯದ್ದು ಒಬ್ಬ ಬಡಗಿಯದ್ದು, ಅಲ್ಲಿ ಮೀನು ಇದೆ. ಐದನೆಯದು ನನ್ನದು, ಅಲ್ಲಿ ಎರಡು ಗೆರೆ ಇವೆ. ನಾನು ಹಂಚನ್ನು ಒಂದೇ ಮಗ್ಗುಲಿನಿಂದ ಇಳಿಸಿ ಇದನ್ನು ವಾಲಿಸಿದೆ, ಆಮೇಲೆ ಇಲ್ಲ ಎಂದು ಸುಳ್ಳು ಹೇಳಿದೆ. ನಾವೆಲ್ಲ ಹೋದ ಮೇಲೂ ಇದು ಇರುತ್ತದೆ. ಮುಂದೆ ಯಾವತ್ತಾದರೂ ನಿಮ್ಮಲ್ಲಿ ಯಾರಾದರೂ ಈ ಹಂಚು ಇಳಿಸಬೇಕಾಗಿ ಬಂದರೆ ಎರಡೂ ಕಡೆಯಿಂದ ಸಮವಾಗಿ ಇಳಿಸಿ. ಇಷ್ಟೇ ಹೇಳಲಿಕ್ಕಿರುವುದು.

ಎಪ್ಪತ್ತು ತಲೆಗಳೂ ಒಟ್ಟಿಗೆ ಮೇಲೆ ಹೋದವು. ಯಾರ ಕೈಯಲ್ಲೂ ಫೋನು ಇರಲಿಲ್ಲ. ಬಾಯಿ ತೆರೆದು ನೋಡುತ್ತಿದ್ದರು, ಜನವರಿಯಲ್ಲಿ ನನ್ನ ಕೆಲಸದವರು ನೋಡಿದ ಹಾಗೆ. ಈ ಸಲ ನಾನು ಯಾರನ್ನೂ ಬೈಯಲಿಲ್ಲ.

ಮುಂಡಪ್ಪಣ್ಣ ಹಿಂದೆ, ಬಾಗಿಲ ಹತ್ತಿರ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಪಂಚೆ ಉಟ್ಟು ಕೂತಿದ್ದರು. ಹಿಂದಿ ಅವರಿಗೆ ಅಷ್ಟು ಬರುವುದಿಲ್ಲ. ಆದರೆ ನಾನು ಮುಗಿಸಿದ್ದು ಅವರಿಗೆ ಗೊತ್ತಾಯಿತು.

"ಓ" ಎಂದರು.